ಸಿಹಿ ಸತ್ತ ಮುಕ್ಕಾಲು ತಾಸು

ಮೂರು ವರ್ಷ ನಾನು ಎಣಿಸಿದ್ದು ಮಧುನಾಶಿನಿಯ ಬಳ್ಳಿಯನ್ನಲ್ಲ,
ಬಳ್ಳಿಯ ಬಗ್ಗೆ ಬರೆದವರನ್ನು.
ಧಾರವಾಡದ ಗ್ರಂಥಾಲಯ, ಎರಡನೇ ಮಹಡಿ,
ಒಂದು ಕಾಲು ಗಿಡ್ಡಾದ ಮೇಜು.
ಯಾವ ವರ್ಷ ಎಷ್ಟು ಪ್ರಬಂಧ, ಯಾವ ದೇಶ,
ಎಲೆಯೋ ಬೇರೋ, ನೀರಲ್ಲಿ ಕುದಿಸಿದ್ದೋ ಮದ್ಯಸಾರದಲ್ಲಿ ನೆನೆಸಿದ್ದೋ,
ಎಷ್ಟು ಇಲಿ.

ಇಲಿಗಳು ಬಹಳ.
ಮೊದಲು ಸೂಜಿ ಚುಚ್ಚಿ ಜಡ್ಡು ಬರಿಸುತ್ತಾರೆ,
ಆಮೇಲೆ ರಸ ಕುಡಿಸಿ ಇಳಿಸುತ್ತಾರೆ,
ಆಮೇಲಿನದು ಒಂದೇ ಸಾಲು, ಕರ್ಮಣಿ ಪ್ರಯೋಗದಲ್ಲಿ.
ಮನುಷ್ಯರು ಕಡಿಮೆ: ಇಪ್ಪತ್ತೆರಡು ಜನ, ಹದಿನೆಂಟು ಜನ,
ಕೊನೆಗೆ ‘ಹೆಚ್ಚಿನ ಅಧ್ಯಯನ ಅಗತ್ಯ’.
ಆ ವಾಕ್ಯ ಎಷ್ಟು ಸಲ ಬಂತೆಂದೂ ಎಣಿಸಿದ್ದೆ.
ಹಂಪಿಹೊಳಿ ಸರ್ ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದರು.

ವರ್ಷದಿಂದ ವರ್ಷಕ್ಕೆ ನಕ್ಷೆ ಏರುತ್ತಿತ್ತು, ಗುಡ್ಡದ ಹಾಗೆ.
ಗುಡ್ಡ ನೋಡಿರಲಿಲ್ಲ.

ಶ್ರಾವಣದಲ್ಲಿ ಗದಗಿನಿಂದ ಬಸ್ಸು ಹತ್ತಿ ಡೋಣಿಯಲ್ಲಿ ಇಳಿದೆ.
ಕಪ್ಪತಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು
ಯಾರಿಗೋ ಬೇಡ ಬೇಡ ಎನ್ನುತ್ತಿದ್ದವು.
ಫಕ್ಕೀರವ್ವ ಮುಂದೆ, ಹೆಗಲಿಗೆ ಯೂರಿಯಾದ ಖಾಲಿ ಚೀಲ;
ನಾನು ಹಿಂದೆ, ಬೂಟಿನ ತುಂಬ ಕೆಮ್ಮಣ್ಣು.
ತಪ್ಪಲ ಅಂದರೆ ಅವಳಿಗೆ ಸೊಪ್ಪು, ನನಗೆ ಗುಡ್ಡದ ಬುಡ;
ಅರ್ಧ ದಾರಿ ಇಬ್ಬರೂ ಬೇರೆ ಬೇರೆಯದನ್ನೇ ಮಾತಾಡಿದೆವು.

“ಮದಲ ಬೇಲಿ ತುಂಬ ಹಬ್ಬಿರತಿತ್ತು. ಈಗ ಹುಡುಕಬೇಕ್ರಿ.”
“ಯಾವಾಗಿಂದ ಕಡಿಮಿ ಆತು?”
“ನಿಮ್ಮಂಥವರು ಬರಾಕ ಹತ್ತಿದಾಗಿಂದ.”
ಬೈದದ್ದಲ್ಲ ಎನ್ನುವಂತೆ ನಕ್ಕು
ಎರಡು ಎಲೆ ಕಿತ್ತುಕೊಟ್ಟಳು: ಅಗೀರಿ.

ಅಗಿದೆ. ಕಹಿ, ಹಸಿರು, ಅಷ್ಟೇ.
ಅವಳಿಗೆಂದು ತಂದ ಪೇಡೆಯ ಪೊಟ್ಟಣ ಬಿಚ್ಚಿ
ಒಂದನ್ನು ಬಾಯಿಗಿಟ್ಟೆ:
ತುಪ್ಪದಲ್ಲಿ ಕಲಸಿದ ಉಸುಕು.
ನಾಲಗೆ ನನ್ನದೇ, ಊರು ಮಾತ್ರ ಮರೆತಿತ್ತು.

“ನನಗೂ ಐತ್ರಿ ಸಕ್ರಿ, ಒಂಬತ್ತು ವರ್ಷಾತು.”
ಈ ಎಲಿ ತಿಂತೀಯೇನು?
“ಇಲ್ರಿ. ಸರಕಾರಿ ದವಾಖಾನಿ ಗುಳಿಗಿ ನುಂಗತೀನಿ. ಎಲಿ ಮಾರಾಕ.
ಲಗ್ನಕ್ಕ ಹೋಗೂವಾಗಷ್ಟ ಎರಡು ಅಗದು ಹೋಗತೀನಿ,
ಎಲಿ ಮುಂದ ಕುಂತಾಗ ಹೋಳಿಗಿ ಕರೀಬಾರದು ನೋಡ್ರಿ.”
ಉಳಿದ ಪೇಡೆ ಸೆರಗಿಗೆ ಕಟ್ಟಿಕೊಂಡಳು, ಮೊಮ್ಮಗಳಿಗೆ.

ಯಾವ ಕಾಲಮ್ಮಿನಲ್ಲಿ ಬರೆಯಲಿ ಇದನ್ನು?

ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಬಿಸಿನೀರಿನಂತಿತ್ತು.
ಸಕ್ಕರೆ ಇಲ್ಲವೆಂದು ಜಗಳಾಡಿದೆ.
ಹುಡುಗ ಮುಖ ನೋಡಿದ, ಇನ್ನೆರಡು ಚಮಚ ಸುರಿದ.
ಧಾರವಾಡದ ಬಸ್ಸು ಬರಲಿಲ್ಲ.
ಲೋಟ ಅರ್ಧಕ್ಕಿಳಿದಾಗ ತುದಿನಾಲಗೆ ಮೆಲ್ಲಗೆ ಎಚ್ಚೆತ್ತು,
ಒಂದು ಗುಟುಕಿಗಿಂತ ಇನ್ನೊಂದು ಸಿಹಿ,
ಅದಕ್ಕಿಂತ ಮುಂದಿನದು,
ಕುಡಿಯಲಾಗದಷ್ಟು.