ನಮೂನೆಯ ಏಳನೇ ಪ್ರಶ್ನೆ

"ವಿದ್ಯಾರ್ಥಿನಿಯನ್ನು ಮನೆಯಲ್ಲಿರಿಸಿಕೊಂಡು
ನಿಮಗೇನು ದೊರೆಯಿತು?"
ಎಂದು ಕೇಳಿ ಎರಡೇ ಗೆರೆ ಬಿಟ್ಟಿದ್ದಾರೆ
ಹೆಲ್ಸಿಂಕಿಯ ಕಚೇರಿಯವರು.

ದುಡ್ಡಂತೂ ದೊರೆಯಲಿಲ್ಲ. ಪಕ್ಕದ ಮನೆಯ ಹಿಲ್ಕಾ
ಅದನ್ನು ಇನ್ನೂ ನಂಬಿಲ್ಲ.
ಬಿಸಿನೀರಿನ ಬಿಲ್ಲು ಒಂದೂವರೆ ಪಟ್ಟು,
ಹಿಮದ ಬೂಟು ಎರಡು ಜೊತೆ, ಉಣ್ಣೆಯ ಒಳಅಂಗಿ,
ಮರೆತು ತೆರೆದಿಟ್ಟ ಬಾಗಿಲಿಂದ ಹೊರಗೋಡಿದ ಬಿಸುಪು:
ಇವೆಲ್ಲ ಖರ್ಚಿನ ಕಡೆ.

ಆಗಸ್ಟಿನಲ್ಲಿ ಬಂದಳು ಅರಾಸೆಲಿ, ಪರಾಗ್ವೆಯ ಹುಡುಗಿ.
ಕೆಮಿಯಾರ್ವಿಯ ನಿಲ್ದಾಣದಲ್ಲಿ ಇಳಿದವಳೇ
ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು.
ತೌನೊ ಕೈ ಮುಂದೆ ಚಾಚಿ ನಿಂತಿದ್ದ, ಕುಲುಕಲೆಂದು.
ಅವನಿಗೂ ಬಿದ್ದವು ಎರಡು.
ಮನೆ ಮುಟ್ಟುವ ತನಕ ಕೆಮ್ಮುತ್ತಲೇ ಇದ್ದ.

ಊಟದ ಮೇಜಿನಲ್ಲಿ ಮಾತು ನಿಂತರೆ ಅವಳಿಗೆ ದಿಗಿಲು.
"ಕೋಪವೇ?" ಎನ್ನುವಳು ಮೆಲ್ಲಗೆ.
ಇಲ್ಲ ಮಗಳೇ, ಕಾಫಿ ಕುಡಿಯುತ್ತಿದ್ದೇವೆ, ಅಷ್ಟೇ.

ಹೊರಗೆ ಮೈನಸ್ ಮೂವತ್ತು. ಒಳಗೆ ಇವಳು
ದನದ ಕೊಂಬಿನ ಲೋಟಕ್ಕೆ ಒಣಸೊಪ್ಪು ತುಂಬಿ
ಮಂಜುಗಡ್ಡೆಯ ನೀರು ಹುಯ್ದು
ತೆರೆರೆ ಕುಡಿಯುತ್ತಾಳೆ.
ಒಂದೇ ಲೋಟ, ಒಂದೇ ಲೋಹದ ಕೊಳವೆ,
ಸುತ್ತು ಬರಬೇಕು ಎಲ್ಲರ ಬಾಯಿಗೂ.
ಎಂಜಲೆಂದರೆ ಮುಖ ಕಿವುಚುವವಳು ನಾನು,
ಒಡಹುಟ್ಟಿದ ತಂಗಿಯ ಚಮಚ ಮುಟ್ಟಿದವಳಲ್ಲ.
ನವೆಂಬರಿನ ಒಂದು ಸಂಜೆ, ಅವಳು ಅತ್ತು ಮುಗಿಸಿದ ಮೇಲೆ,
ಕೊಳವೆ ನನ್ನ ಕಡೆ ತಿರುಗಿತು.
ಕಹಿ. ಹುಲ್ಲಿನ ವಾಸನೆ. ಹಲ್ಲು ಜುಮ್ಮೆಂದವು.
ಎರಡನೇ ಸುತ್ತಿಗೂ ಕೈ ಚಾಚಿದೆ, ಯಾಕೋ.

ಶನಿವಾರ ನಸುಕಿಗೆ ತೌನೊ
ಹಿಮ ತಳ್ಳುವ ಲಾರಿಯಲ್ಲಿ ಅವಳನ್ನೂ ಕೂರಿಸಿಕೊಂಡು ಹೋಗುತ್ತಿದ್ದ.
ಅವಳಿಗೆ ನಮ್ಮ ಮಾತು ಅರ್ಧಂಬರ್ಧ;
ಅದಕ್ಕೇ ಇರಬೇಕು, ಅವನಿಗೆ ಬಾಯಿ ಬಂತು.
ಒಂದು ದಿನ ತಟ್ಟೆ ಒರೆಸುತ್ತ ನನ್ನನ್ನು ಕೇಳಿದಳು:
"ಎಯ್ನೊನ ಕೈಗವಸು ಕೊನೆಗೂ ಸಿಕ್ಕಿತೇ?"
ಸರೋವರದ ಹಿಮ ಒಡೆದು ಹೋದ ಮೈದುನನ ಹೆಸರು
ನನಗೆ ಗೊತ್ತಿತ್ತು.
ಕೈಗವಸಿನ ಸಂಗತಿ
ಮೂವತ್ತೊಂದು ವರ್ಷದ ಸಂಸಾರದಲ್ಲಿ ಕೇಳಿರಲಿಲ್ಲ.
ಆ ರಾತ್ರಿ ಕೇಳಿದೆ. ಹೇಳಿದ.
ಅದನ್ನು ನಮೂನೆಯಲ್ಲಿ ಬರೆಯುವುದಿಲ್ಲ.

ಡಿಸೆಂಬರಿನಲ್ಲಿ ಸೂರ್ಯ ಕಾಡಿನ ನೆತ್ತಿಗೂ ಏರಲಿಲ್ಲ;
ಹುಣ್ಣಿಮೆಯ ತಿಂಗಳು ಮುಳುಗದೆ
ಮನೆಯ ಸುತ್ತಲೇ ಸುತ್ತಿತು, ಗೂಟಕ್ಕೆ ಕಟ್ಟಿದ ಕುದುರೆಯಂತೆ.
"ಅದಕ್ಕೇನನ್ನುತ್ತೀರಿ?"
ಕೂ, ಎಂದೆ.
ಓಡಿಹೋಗಿ ಕ್ಯಾಲೆಂಡರಿನ ಹಾಳೆ ಮಗುಚಿದಳು:
ಹನ್ನೆರಡು ಹೆಸರಿನ ಬಾಲದಲ್ಲೂ ಕೂ! ಕೂ!
ಹಕ್ಕಿಯ ಹಾಗೆ ಉಲಿದುಲಿದು ನಕ್ಕಳು.
ಅವಳಜ್ಜಿಯ ಗ್ವಾರಾನಿಯಲ್ಲೂ ಹೀಗೇ ಅಂತೆ,
ಆಕಾಶದ್ದೂ ಜಸೂ, ಗೋಡೆಯ ಮೇಲಿನದೂ ಜಸೂ.
ಐವತ್ತೆಂಟು ವರ್ಷ ಆ ಮಾತು ನನ್ನ ನಾಲಿಗೆಯ ಮೇಲಿತ್ತು.
ತಿಂಗಳೆಂದರೆ ಸಂಬಳ, ಕಂತು, ಕರೆಂಟಿನ ಬಿಲ್ಲು;
ಒಳಗೆ ಬೆಳಕಿದೆಯೆಂದು ಬಗ್ಗಿ ನೋಡಿರಲಿಲ್ಲ.

ಜೂನ್ ಇಲ್ಲಿ ತಿಂಗಳು ಕಾಣದ ತಿಂಗಳು,
ನಡುರಾತ್ರಿಗೂ ಬಿಸಿಲು. ಆಗ ಹೊರಟಳು.
ನಿಲ್ದಾಣದಲ್ಲಿ ತೌನೊ ಕೈ ಚಾಚಲಿಲ್ಲ,
ಕೆನ್ನೆ ಒಡ್ಡಿದ.

ಕೊಂಬಿನ ಲೋಟ ಬಿಟ್ಟುಹೋಗಿದ್ದಾಳೆ, ಬೇಕೆಂದೇ.
ಇಬ್ಬರೇ ಇದ್ದರೆ ಸರದಿ ಬಹಳ ಬೇಗ ಬರುತ್ತದೆ.
ನಿನ್ನೆ ಹಿಲ್ಕಾಳ ಕಡೆಗೂ ತಿರುಗಿಸಿದೆವು;
ಹೀರಿದಳು, ಮುಖ ಕಿವುಚಿದಳು, ಮತ್ತೆ ಕೇಳಿದಳು:
"ನಿಜ ಹೇಳಿ, ಏನೂ ಕೊಡಲಿಲ್ಲವೇ?"

ಏಳನೇ ಪ್ರಶ್ನೆಗೆ "ಒಂದು ಲೋಟ" ಎಂದು ಬರೆದೆ.
ಒಂದು ಗೆರೆ ಇನ್ನೂ ಉಳಿದಿದೆ.