ಒಂದು ಹಲ್ಲು

ಮೊದಲು ಚಾಲೂ ಮಾಡಿ, ತಾನಾಗಿ ನಿಲ್ಲಲು ಬಿಡಬೇಕು.
ವೈಪರಿನ ತೋಳು ತನ್ನ ಜಾಗಕ್ಕೆ ಬಂದು ಒರಗಿದ ಮೇಲೆ
ಗಾಜಿನ ಮೇಲೆ ಸೋಪಿನ ಚೂರಿನಿಂದ ಒಂದು ಗೆರೆ:
ಇಲ್ಲಿತ್ತು, ಇಲ್ಲಿಗೇ ಬರಬೇಕು ಅಂತ.
ಆಮೇಲೆ ಬುಡಕ್ಕೆ ಕಚ್ಚವಿತೆ ತೂರಿಸಿ
(ಇಟಲಿಯವರು ಹೋದರು, ಸ್ಕ್ರೂಡ್ರೈವರಿಗೆ ಇಟ್ಟ ಹೆಸರು ಉಳಿಯಿತು)
ನಾಲಿಗೆಯಂಥ ಚಿಕ್ಕ ತಗಡನ್ನು ಒತ್ತಿ,
ಬಟ್ಟೆ ಹಾಸಿ, ಮೇಲೆ ಚಮಚ ಊರಿ, ಮೆಲ್ಲಗೆ ಮೀಟಬೇಕು.
ಐವತ್ತೆಂಟರ ಫಿಯೆಟ್ಟು; ಬಣ್ಣ ಎದ್ದರೆ
ಈ ನೀಲಿ ಈ ಊರಲ್ಲಿ ಮತ್ತೆ ಸಿಗುವುದಿಲ್ಲ.

ಗೆರೆಯ ಪಾಠ ನಾನು ತಡವಾಗಿ ಕಲಿತೆ.

ಅಸ್ಮಾರಾದಲ್ಲಿ ಜುಲೈ. ಮಧ್ಯಾಹ್ನ ಎರಡಕ್ಕೆ
ಯಾರೋ ಶಟರು ಎಳೆದ ಹಾಗೆ ಮಳೆ.
ವೊಲ್ದಾಯ್ ಮೇಷ್ಟ್ರು ಗಾಡಿಯನ್ನು ಗ್ಯಾರೇಜಿಗೆ ನುಗ್ಗಿಸಿದರು,
ತಲೆ ಬಲಕ್ಕೆ ವಾಲಿತ್ತು, ಎಂದಿನಂತೆ.

ಆ ವಾಲು ಊರಿಗೇ ಗೊತ್ತು.
ಜಾಮಿತಿಯ ತರಗತಿಯಲ್ಲಿ ಅವರು ಬೋರ್ಡಿಗೆ ತಿರುಗಿದರೆ ಸಾಕು,
ನಲವತ್ತು ಕತ್ತುಗಳು ಒಟ್ಟಿಗೆ ಓರೆಯಾಗುತ್ತಿದ್ದವು.
ಹೆಂಡತಿಯ ಕಡೆಯವರು ಅದನ್ನು ಸೊಕ್ಕು ಅಂದರು.
ಇಗರ್ಜಿಯ ಮುದುಕಿಯರು, ಪಾಪ,
ಬಲಭುಜದ ಮೇಲಿನ ದೇವದೂತನ ಮಾತಿಗೆ
ಕಿವಿಗೊಡುತ್ತಾರೆ ಅಂತ ನಂಬಿದ್ದರು.
ಕ್ಷೌರಿಕ ಗಿಲಾಯ್ ಮಾತ್ರ ಏನೂ ಅನ್ನಲಿಲ್ಲ,
ಎಡಗಡೆಯ ಕೃದಾವನ್ನು ಒಂದು ಎಳೆ ಗಿಡ್ಡ ಮಾಡಿ ಸರಿದೂಗಿಸುತ್ತಿದ್ದ.

'ಎಡಗಂಬದ ತನಕ ಹೋಗಲ್ಲ ಇದು,' ಅಂದರು ಮೇಷ್ಟ್ರು.
ನಿಜ. ನಾಲ್ಕು ಬೆರಳು ಮೊದಲೇ ತಿರುಗಿಬಿಡುತ್ತಿತ್ತು;
ವಾಪಸು ಬಂದು ಕೆಳಗಿನ ರಬ್ಬರಿಗೆ ತಾಗಿ, ಟಕ್.
ಅವರ ಕಣ್ಣಿನ ನೇರಕ್ಕೇ
ಮಳೆ ಒರೆಸದ ಒಂದು ತ್ರಿಕೋನ.

'ಎಷ್ಟು ದಿನದಿಂದ?'
'ಹತ್ತೊಂಬತ್ತು ವರ್ಷ. ಮಳೆ ಎರಡು ತಿಂಗಳು, ಹಬ್ತೊಂ,
ಮಿಕ್ಕ ಹತ್ತು ತಿಂಗಳು ಮರೆವು.'
'ಯಾರು ಕೂರಿಸಿದ್ದು?'
'ಇಲ್ಲೇ. ತ್ಸೆಹಾಯೆ ಊಟಕ್ಕೆ ಹೋಗಿದ್ದ.
ಯಾರೋ ಹುಡುಗ ಹಾಕಿಕೊಟ್ಟ.'

ಕಚ್ಚವಿತೆ ಕೈಯಲ್ಲೇ ಉಳಿಯಿತು.

ಹನ್ನೆರಡು ವರ್ಷದ ಹುಡುಗ. ಅಮ್ಮನ ಅಡುಗೆಮನೆಯ ಚಮಚ.
ಗೆರೆ ಇಲ್ಲ, ನೀರು ಚಿಮುಕಿಸಿ ನೋಡಿದ್ದಿಲ್ಲ.
ಹೊರಗೆ ಸೈಕಲ್ ರೇಸು ಬೀದಿಯ ತಿರುವಿಗೆ ಬಂದಿತ್ತು,
ಜನ ಕೂಗುತ್ತಿದ್ದರು, ಚಕ್ರಗಳ ಸದ್ದು
ಜೇನುಹುಳುಗಳ ಹಾಗೆ ಹತ್ತಿರವಾಗುತ್ತಿತ್ತು.
ತೋಳನ್ನು ಕಡ್ಡಿಗೆ ಒತ್ತಿ, ಅಂಗೈಯಿಂದ ಗುದ್ದಿ
ಆಯ್ತು ಅಂದೆ. ಓಡಿದೆ.

ಒಂದು ಹಲ್ಲು. ಕಡ್ಡಿಯ ಸುತ್ತ ಕೊರೆದ
ಎಳ್ಳಿನಗಲದ ಹಲ್ಲುಗಳಲ್ಲಿ ಒಂದೇ ಒಂದು.
ಒಬ್ಬ ಮನುಷ್ಯನ ಕತ್ತಿಗೆ ಅಷ್ಟು ಸಾಕಾಯಿತು.

ತೋಳನ್ನು ಬಿಚ್ಚಿದೆ. ತುಕ್ಕು ಉಜ್ಜಿ, ಒಂದು ಹನಿ ಎಣ್ಣೆ.
ಒಂದು ಹಲ್ಲು ಮೇಲಕ್ಕೆ ಕೂರಿಸಿದೆ.
ಒಣಗಾಜಿನ ಮೇಲೆ ಓಡಿಸಬಾರದು; ತಂಬಿಗೆ ನೀರು ಸುರಿದೆ.
ಹೋಯಿತು, ಕಂಬದ ಅಂಚಿನ ತನಕ. ಬಂದಿತು. ಟಕ್ ಇಲ್ಲ.

ಮೇಷ್ಟ್ರನ್ನು ಒಳಗೆ ಕೂರಿಸಿ
ಗಾಡಿಯನ್ನು ಬಾಗಿಲಾಚೆಗೆ, ಮಳೆಗೆ ತಳ್ಳಿದೆ.
ಅವರ ತಲೆ ನಿಧಾನವಾಗಿ ನೆಟ್ಟಗಾಯಿತು,
ಯಾರೋ ಒಳಗಿನಿಂದ ಸ್ಕ್ರೂ ತಿರುಗಿಸಿದಂತೆ.
'ಅರೆ,' ಅಂದರು, 'ದರ್ಜಿಯಂಗಡಿಗೆ ಹಸಿರು ಬಾಗಿಲು.'
ಆಮೇಲೆ ತುಂಬ ಹೊತ್ತು ಏನೂ ಅನ್ನಲಿಲ್ಲ.

'ಎಷ್ಟಾಯ್ತು?'
'ಏನೂ ಬೇಡ ಮೇಷ್ಟ್ರೇ. ಒಂದು ಹಲ್ಲಿನ ಕೆಲಸ.'
ಗಾಜು ಇಳಿಸಿದರು. ಹೊರಗೆ ಚಾಚಿದ ಮುಖಕ್ಕೆ
ಮಳೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ.
'ಹೋಗಲಿ ಹಬ್ತೊಂ, ಇಷ್ಟು ಹೇಳು,
ಆ ರೇಸಿನಲ್ಲಿ ಗೆದ್ದದ್ದು ಯಾರು?'

ನೆನಪಿರಲಿಲ್ಲ. ಇವತ್ತಿಗೂ ಇಲ್ಲ.
ಅವರು ಗೇರು ಹಾಕಿದರು. ತಿರುವಿನಲ್ಲಿ ಕಂಡಾಗ
ಹಿಂದಿನ ಗಾಜಿನೊಳಗೆ ತಲೆ
ಮತ್ತೆ ಬಲಕ್ಕೆ ವಾಲಿತ್ತು.