ಇತ್ಯಾದಿ

ಲಾಲ್‌ಬಾಗಿನ ಸಭಾಂಗಣ. ಕುರ್ಚಿ ಬಿಟ್ಟು ಕುರ್ಚಿಗೆ
ಟೇಪಿನ ಗುಣಾಕಾರ ಚಿಹ್ನೆ.
ಮಾಸ್ಕಿನೊಳಗಿಂದ ಅಧ್ಯಕ್ಷರು ಓದಿದ್ದು
ನನಗೆ ಅರ್ಧ ಕೇಳಿತು, ಪೂರ್ತಿ ಬರೆದೆ:

ನೀರಿನ ಬಿಲ್ಲಿಗೆ ಜೂನ್‌ವರೆಗೆ ದಂಡವಿಲ್ಲ.
ಬಂದರಿನ ಸಗಟು ಈರುಳ್ಳಿ ಬೈಕಂಪಾಡಿಗೆ.
ರಬ್ಬರು ಗ್ಲೌಸು, ಪೌರಕಾರ್ಮಿಕರಿಗೆ, ದಾದಿಯರಿಗೆ, ಇತ್ಯಾದಿ.

ಇತ್ಯಾದಿ ಅವರು ಹೇಳಿದ್ದಲ್ಲ.
ಸಾಲು ಬರಿದಾಗಿ ಕಂಡಿತೆಂದು
ನಾನೇ ಹಾಕಿದ್ದು.

ಮೂರನೇ ದಿನ ಸ್ಟೋರಿನ ಕಿಟಕಿಯಲ್ಲಿ
ವಾಲ್ವ್ ತಿರುಗಿಸುವ ತನಿಯಪ್ಪಣ್ಣ.
ನಸುಕು ಮೂರಕ್ಕೆ ಬೆಂದೂರಿನ ಇಳಿಜಾರಿಗೆ
ನೀರು ಬಿಡುವ ಅಂಗೈ, ತುಕ್ಕಿನ ಬಣ್ಣ.

"ನಿಮ್ಮ ಹೆಸರೆಲ್ಲುಂಟು ಮಾರಾಯ್ರೆ ಇದರಲ್ಲಿ?"

ಠರಾವಿನ ಪ್ರತಿಯನ್ನು ಕಣ್ಣಿಗೆ ಹತ್ತಿರ ಹಿಡಿದು
ಅಕ್ಷರ ಅಕ್ಷರ ಕೂಡಿಸಿ ಓದಿ
ನನ್ನ ಆ ಪದದ ಮೇಲೆ ಬೆರಳಿಟ್ಟರು:
"ಇದು ನಾನೇ."

ಒಂದು ಜೊತೆ ಕೊಟ್ಟರು.
ಎರಡೂ ಎಡಗೈಯವು.